ಮಳವಳ್ಳಿಯ ಕೊನೆಯ ಅಕ್ಷರ

ಲ್ಯಾಪ್‌ಟಾಪ್ ಅಂಗಡಿಗೆ ಹೋಗಿ ‘ಡಾಸ್ ಇರೋದು ತೋರಿಸಿ’ ಎಂದರೆ ಮಂಡ್ಯದ ಯಾವ ಅಂಗಡಿಯವನೂ ಹುಬ್ಬೇರಿಸುವುದಿಲ್ಲ. ಈ ಗಿರಾಕಿ ಕೆಲವು ಸಾವಿರ ಉಳಿಸಬೇಕು ಅಂತಿದ್ದಾನೆ, ಅಷ್ಟೇ ಅಂದುಕೊಳ್ಳುತ್ತಾನೆ. ವಿಂಡೋಸ್‌ನ ದುಡ್ಡು ಸೇರಿಸದೆ ಮಾರುವ ಯಂತ್ರ ಬರೀ ಡಬ್ಬ ಅನ್ನಿಸಬಾರದಲ್ಲ, ಅದಕ್ಕೆ ಕಂಪನಿಗಳು ಫ್ರೀಡಾಸ್ ಎಂಬುದೊಂದನ್ನು ತುಂಬಿ ಕಳಿಸುತ್ತವೆ. ಆನ್‌ಲೈನ್ ಅಂಗಡಿಗಳಲ್ಲೂ ಆಪರೇಟಿಂಗ್ ಸಿಸ್ಟಂ ಎಂಬ ಸಾಲಿನೆದುರು ‘ಡಾಸ್’ ಎಂದು ಬರೆದಿರುತ್ತದೆ. ಕೊಂಡವರು ಪೆಟ್ಟಿಗೆ ಬಿಚ್ಚಿದ ದಿನವೇ ಅದನ್ನು ಅಳಿಸಿ ಬೇರೆ ಏನಾದರೂ ಹಾಕಿಸುತ್ತಾರೆ. ಅಂಗಡಿಯವನು ಹುಬ್ಬೇರಿಸುವುದು, ‘ಬೇಡಪ್ಪ, ಅಳಿಸಬೇಡ, ಅದರಲ್ಲೇ ಕೆಲಸ ಮಾಡ್ತೀನಿ’ ಎಂದಾಗ.

ನಾನು ಹಾಗೆಂದವನು. ಅಂಗಡಿಯ ಹುಡುಗ ನನ್ನ ನರೆತ ತಲೆಯನ್ನೂ ಕೈಯಲ್ಲಿದ್ದ ಬಟ್ಟೆಚೀಲವನ್ನೂ ನೋಡಿ, ದನಿ ತಗ್ಗಿಸಿ, ‘ಸಾರ್, ಅದ್ರಲ್ಲಿ ಏನೂ ಬರಲ್ಲ ಸಾರ್. ಕಪ್ಪಗಿರ್ತದೆ ಅಷ್ಟೇಯ’ ಅಂದ. ‘ಅದಕ್ಕೇ ಕನಪ್ಪ ಬೇಕಾಗಿರೋದು’ ಅಂದೆ. ಅವನು ಒಳಗಿದ್ದ ಮಾಲೀಕರನ್ನು ಕರೆದ. ಅವರು ಬಂದು, ‘ಮನೇಲಿ ಮಕ್ಕಳು ಯಾರಾದ್ರೂ ಇದ್ರೆ ಜೊತೇಲಿ ಕರ್ಕೊಂಡ್ ಬನ್ನಿ ಸಾರ್’ ಎಂದು ಬಹಳ ಮರ್ಯಾದೆಯಿಂದ ಹೇಳಿ ಕಳಿಸಿದರು.

ಕಳಿಸಿದ್ದೇ ಒಳ್ಳೆಯದಾಯಿತು. ಈಗಿನ ಬಹಳಷ್ಟು ಯಂತ್ರಗಳಲ್ಲಿ ಬಯೋಸ್ ಎಂಬ ಹಳೆಯ ಏರ್ಪಾಡು ಹೋಗಿ ಯುಇಎಫ್‌ಐ ಎಂಬುದು ಬಂದಿದೆ. ಡಾಸ್‌ಗೆ ಅದರ ಭಾಷೆ ತಿಳಿಯದು. ಹಾಗಾದರೆ ಡಾಸ್ ಇದೆ ಎಂದು ಮಾರುವುದು ಹೇಗೆ? ಕೆಲವು ಲ್ಯಾಪ್‌ಟಾಪುಗಳಲ್ಲಿ ಮೊದಲು ಸದ್ದಿಲ್ಲದೆ ಒಂದು ಪುಟ್ಟ ಲಿನಕ್ಸ್ ಎದ್ದೇಳುತ್ತದೆ, ತನ್ನೊಳಗೊಂದು ಹುಸಿ ಕಂಪ್ಯೂಟರ್ ಕಟ್ಟಿಕೊಳ್ಳುತ್ತದೆ, ಅದರೊಳಗೆ ಡಾಸ್ ಓಡಿಸಿ ತೋರಿಸುತ್ತದೆ. ನಮ್ಮ ಕಡೆ ಊರಹಬ್ಬದ ಕುರುಕ್ಷೇತ್ರ ನಾಟಕದಲ್ಲಿ ಪಂಚಾಯ್ತಿ ಮೆಂಬರು ಮೀಸೆ ಅಂಟಿಸಿಕೊಂಡು ದುರ್ಯೋಧನನಾಗಿ ಬಂದ ಹಾಗೆ. ನನಗೆ ಮೀಸೆ ನಿಜದ್ದೇ ಬೇಕಿತ್ತು. ಅಟ್ಟದ ಮೇಲೆ ಮಗಳ ಕಾಲೇಜು ಕಾಲದ ಡೆಸ್ಕ್‌ಟಾಪೊಂದು ಹಳೇ ಸೀರೆ ಹೊದ್ದು ಕೂತಿತ್ತು. ಇಳಿಸಿ, ಧೂಳು ಕೊಡವಿ, ಫ್ರೀಡಾಸ್ ಹಾಕಿಕೊಂಡೆ. ಮನೆಯ ಲೆಕ್ಕಪತ್ರವೆಲ್ಲ ಈಗ ಅದರಲ್ಲೇ.

ಇಷ್ಟಕ್ಕೂ ಡಾಸ್ ಎಂದರೇನೆಂದು ಮೊಮ್ಮಕ್ಕಳ ವಯಸ್ಸಿನ ಓದುಗರಿಗೆ ಹೇಳಬೇಕು. ಕಪ್ಪು ಪರದೆ. ಎಡಗಡೆ ‘ಸಿ:\>’ ಎಂಬ ಗುರುತು. ಪಕ್ಕದಲ್ಲಿ ಮಿಣುಕುವ ಒಂದು ಪುಟ್ಟ ಗೆರೆ. ಮುಗಿಯಿತು. ಚಿತ್ರವಿಲ್ಲ, ಗುಂಡಿಯಿಲ್ಲ, ‘ನಿಮಗೆ ಹೇಗೆ ಸಹಾಯ ಮಾಡಲಿ’ ಎಂಬ ಉಪಚಾರವಿಲ್ಲ. ನೀವು ಏನಾದರೂ ಟೈಪಿಸಿ ಎಂಟರ್ ಒತ್ತುವವರೆಗೆ ಅದು ಸುಮ್ಮನಿರುತ್ತದೆ. ಒತ್ತಿದ್ದು ತಿಳಿಯದಿದ್ದರೆ ‘ಬ್ಯಾಡ್ ಕಮಾಂಡ್ ಆರ್ ಫೈಲ್ ನೇಮ್’ ಎನ್ನುತ್ತದೆ. ಎರಡರಲ್ಲಿ ಯಾವುದು ಬ್ಯಾಡು ಎಂಬುದನ್ನು ನಮ್ಮ ವಿವೇಚನೆಗೆ ಬಿಡುತ್ತದೆ.

ಇದರ ವಂಶಾವಳಿ ಅಂಥ ಘನವಾದದ್ದೇನಲ್ಲ. 1980ರಲ್ಲಿ ಅಮೆರಿಕದ ಸಿಯಾಟಲ್ ಕಡೆಯ ಒಂದು ಸಣ್ಣ ಕಂಪನಿಗಾಗಿ ಟಿಮ್ ಪ್ಯಾಟರ್ಸನ್ ಎಂಬ ತರುಣ ಅವಸರದಲ್ಲಿ ಬರೆದದ್ದು. ಬರೆದಾತನೇ ಅದನ್ನು ಕ್ಯೂಡಾಸ್, ಅಂದರೆ ‘ಬೇಗ ಮುಗಿಸಿದ ಒರಟು ಕೆಲಸ’ ಎಂದು ಕರೆದುಕೊಂಡಿದ್ದ. ಮೈಕ್ರೋಸಾಫ್ಟ್ ಅದನ್ನು ಕೊಂಡು, ತಿದ್ದಿ, 1981ರ ಐಬಿಎಂ ಪಿಸಿಗೆ ಕೊಟ್ಟಿತು. ಬಿಡಿಯಾಗಿ ಮಾರಿದ ಕೊನೆಯ ಎಂಎಸ್-ಡಾಸ್ ಎಂದರೆ 1994ರ 6.22, ಮೂರು ಫ್ಲಾಪಿಗಳಲ್ಲಿ ಇಡೀ ಸಂಸಾರ ಬರುತ್ತಿತ್ತು. ಒಂದು ಫ್ಲಾಪಿಗೆ 1.44 ಎಂಬಿ. ಮೊನ್ನೆ ತಂಗಿ ಮಗ ಮದ್ದೂರು ಸ್ಟೇಷನ್ನಿನಲ್ಲಿ ತಿಂದ ವಡೆಯ ಫೋಟೊ ಕಳಿಸಿದ್ದ. ಅರ್ಧ ಕಚ್ಚಿದ ವಡೆ, ಅದರೊಳಗಿನ ಈರುಳ್ಳಿ, ಕೆಳಗೆ ಎಣ್ಣೆ ಹೀರಿದ ಪೇಪರು. ಆ ಒಂದು ವಡೆ ಒಂದು ಫ್ಲಾಪಿಯಲ್ಲಿ ಹಿಡಿಯುವುದಿಲ್ಲ.

ಡಾಸ್‌ಗೆ ಇನ್ನು ಭವಿಷ್ಯವಿಲ್ಲವೆಂದು ದೊಡ್ಡವರು ತೀರ್ಮಾನಿಸಿದ್ದ ಆ 1994ರ ಜೂನ್‌ನಲ್ಲೇ ಜಿಮ್ ಹಾಲ್ ಎಂಬ ಭೌತಶಾಸ್ತ್ರದ ವಿದ್ಯಾರ್ಥಿ, ‘ನೀವು ಬಿಟ್ಟರೆ ಬಿಡಿ, ನಾವೇ ಒಂದು ಬರೆದುಕೊಳ್ಳುತ್ತೇವೆ’ ಎಂದು ಹೊರಟ. ಅದೇ ಫ್ರೀಡಾಸ್. ಅದರ 1.0 ಆವೃತ್ತಿ ಬಂದದ್ದು 2006ರಲ್ಲಿ. ಹನ್ನೆರಡು ವರ್ಷ. 1.4 ಬಂದದ್ದು 2025ರಲ್ಲಿ. ಈ ವೇಗ ನನ್ನ ವಯಸ್ಸಿಗೆ ಬಹಳ ಹಿಡಿಸಿತು.

ನಮ್ಮ ಮಂಡ್ಯಕ್ಕೆ ಡಾಸ್ ಬಂದದ್ದು ಚಪ್ಪಲಿ ಬಿಟ್ಟು ಒಳಗೆ ಹೋಗಬೇಕಾದ ಕೋಣೆಗಳ ಮೂಲಕ. ತೊಂಬತ್ತರ ದಶಕದ ಕಂಪ್ಯೂಟರ್ ಸೆಂಟರುಗಳ ಬೋರ್ಡಿನಲ್ಲಿ ‘ಡಾಸ್, ವರ್ಡ್‌ಸ್ಟಾರ್, ಲೋಟಸ್, ಡಿಬೇಸ್’ ಎಂದು ಒಂದೇ ಉಸಿರಿನಲ್ಲಿ ಬರೆದಿರುತ್ತಿತ್ತು. ಬಾಗಿಲಲ್ಲಿ ಚಪ್ಪಲಿಗಳ ರಾಶಿ, ಒಳಗೆ ಏಸಿಯ ತಣ್ಣನೆ ಗಾಳಿ, ಮಾನಿಟರಿನ ಹಣೆಗೆ ಆಯುಧಪೂಜೆಯ ಕುಂಕುಮ. ಕಂಪ್ಯೂಟರಿಗೆ ಧೂಳು ಆಗಬಾರದೆಂದು ಚಪ್ಪಲಿ ಬಿಡಿಸುತ್ತಿದ್ದರು. ನಾವು ಭಕ್ತಿಯಿಂದಲೇ ಬಿಡುತ್ತಿದ್ದೆವು. ಸಹಕಾರ ಸಂಘದಲ್ಲಿ ಲೆಡ್ಜರು ಬರೆಯುತ್ತಿದ್ದ ನನ್ನಂಥವರು ಸಂಜೆ ಹೊತ್ತು ಅಲ್ಲಿ ಹೋಗಿ ಕಲಿತೆವು. ದೊಡ್ಡ ಫ್ಲಾಪಿಯ ಪಕ್ಕದ ಕಚ್ಚಿಗೆ ಬೆಳ್ಳಿ ಬಣ್ಣದ ಸ್ಟಿಕರ್ ಅಂಟಿಸಿದರೆ ಅದರ ಮೇಲೆ ಯಾರೂ ಬರೆಯಲಾಗದು, ವೈರಸ್ಸೂ ಸೇರದು. ವೈರಸ್ ಎಂದರೆ ಆಗ ಜೋಶಿ. 1990ರಲ್ಲಿ ನಮ್ಮ ದೇಶದಲ್ಲೇ ಕಾಣಿಸಿಕೊಂಡದ್ದು. ವರ್ಷವಿಡೀ ತೆಪ್ಪಗಿದ್ದು ಜನವರಿ 5ರಂದು ಪರದೆಯ ಮೇಲೆ ಬಂದು, ‘ಹ್ಯಾಪಿ ಬರ್ತ್‌ಡೇ ಜೋಶಿ’ ಎಂದು ಟೈಪ್ ಮಾಡು ಎನ್ನುತ್ತಿತ್ತು. ಮಾಡುವವರೆಗೂ ಯಂತ್ರ ಕದಲುತ್ತಿರಲಿಲ್ಲ, ಮಾಡಿದರೆ ಬಿಟ್ಟುಬಿಡುತ್ತಿತ್ತು. ಈಗಿನವು ಬ್ಯಾಂಕಿನ ಖಾತೆಯನ್ನೇ ಬಳಿದುಕೊಂಡು ಹೋಗುತ್ತವೆ. ಜೋಶಿಗೆ ಬೇಕಿದ್ದದ್ದು ಒಂದು ಶುಭಾಶಯ ಮಾತ್ರ.

ಡಾಸ್‌ನ ದೊಡ್ಡ ಹಟ ಎಂದರೆ ಹೆಸರಿನದು. ಫೈಲಿನ ಹೆಸರು ಎಂಟು ಅಕ್ಷರ ಮೀರಬಾರದು, ಬಾಲಕ್ಕೆ ಬೇಕಾದರೆ ಇನ್ನು ಮೂರು. ನಮ್ಮ ಜಿಲ್ಲೆಯ ತಾಲ್ಲೂಕಿಗೊಂದರಂತೆ ಫೈಲು ಮಾಡಿ ನೆಂಟರಿಷ್ಟರ ವಿಳಾಸ ಬರೆದಿಡಲು ಹೊರಟಾಗ ಇದರ ಬಿಸಿ ತಟ್ಟಿತು. ಮಂಡ್ಯ, ಮದ್ದೂರು ಇಂಗ್ಲಿಷಿನಲ್ಲಿ ಆರಾರು ಅಕ್ಷರ, ಆರಾಮಾಗಿ ಕೂತವು. ಮಳವಳ್ಳಿಗೆ ಒಂಬತ್ತು. ಒಂದೇ ಒಂದು ಅಕ್ಷರಕ್ಕೆ ತಪ್ಪಿಹೋಗಿ, ಕೊನೆಯ ‘ಐ’ ಉದುರಿ ‘ಮಳವಳ್’ ಎಂದಾಯಿತು. ಶ್ರೀರಂಗಪಟ್ಟಣವನ್ನು ಎಂಟಕ್ಕೆ ಕತ್ತರಿಸಿದರೆ ಸರಿಯಾಗಿ ‘ಶ್ರೀರಂಗ’. ದೇವರು ಉಳಿದ, ಪಟ್ಟಣ ಹೋಯಿತು. ಪಾಂಡವಪುರ ‘ಪಾಂಡವಪ್’ ಆಗಿ, ಬಾಯಿಬಿಟ್ಟು ಓದಿದರೆ ಯಾರೋ ಯಜಮಾನರ ಹೆಸರಿನ ಹಾಗೆ ಕೇಳಿಸಿತು. ನಾಗಮಂಗಲದಲ್ಲಿ ಮಂಗಳವೆಲ್ಲ ಹೋಗಿ ಕೊನೆಗೆ ಮಂಗ ಉಳಿಯಿತು. ಆ ಊರಿನ ನೆಂಟರಿಗೆ ಇದನ್ನು ತೋರಿಸಿಲ್ಲ. ಆದರೆ ಕೃಷ್ಣರಾಜಪೇಟೆಯವರು ತಮ್ಮ ಊರನ್ನು ಯಾವತ್ತೋ ಕೆ.ಆರ್. ಪೇಟೆ ಮಾಡಿಕೊಂಡಿದ್ದಾರೆ. ಕಾಳಮುದ್ದನದೊಡ್ಡಿಯವರು ಕೆ.ಎಂ. ದೊಡ್ಡಿ ಎನ್ನುತ್ತಾರೆ. ಇವರೆಲ್ಲ ಸಿಯಾಟಲ್‌ನವರಿಗಿಂತ ಮೊದಲೇ ಎಂಟಕ್ಷರದೊಳಗೆ ಬದುಕುವುದನ್ನು ಕಲಿತವರು.

ಫೈಲಿನ ಒಳಗೆ ಎಷ್ಟು ಉದ್ದಕ್ಕೆ ಬೇಕಾದರೂ ಬರೆಯಬಹುದು, ಅಡ್ಡಿಯಿಲ್ಲ. ನಮ್ಮ ಮನೆಯಲ್ಲಿ ಅತಿ ಹೆಚ್ಚು ಬಳಕೆಯಾಗುವ ಫೈಲು ಮುಯ್ಯಿಯದು. ಮದುವೆಯಲ್ಲಿ ಯಾರು ಎಷ್ಟು ಮುಯ್ಯಿ ಓದಿಸಿದರು, ನಾವು ಯಾರಿಗೆ ಎಷ್ಟು ಓದಿಸಿದೆವು ಎಂಬ ಲೆಕ್ಕ ಈ ಸೀಮೆಯ ಪ್ರತಿ ಮನೆಯಲ್ಲೂ ಇರುತ್ತದೆ. ಹೆಚ್ಚಿನ ಮನೆಗಳಲ್ಲಿ ಅದು ಅರಿಸಿನ ಹಚ್ಚಿದ ಉದ್ದ ನೋಟ್‌ಬುಕ್ಕು. ನಮ್ಮದು ಒಂದು ಟೆಕ್ಸ್ಟ್ ಫೈಲು. ಮುಯ್ಯಿಗೊಂದು ಸಾಲು: ಊರು, ಹೆಸರು, ರೂಪಾಯಿ, ಜೊತೆಗೆ ಕೊಟ್ಟ ಸ್ಟೀಲ್ ಕೊಡವೋ ಗೋಡೆ ಗಡಿಯಾರವೋ. ಹುಡುಕಲು ‘ಫೈಂಡ್’ ಎಂಬ ಕಮಾಂಡು. ಉಲ್ಲೇಖಚಿಹ್ನೆಯೊಳಗೆ ಊರಿನ ಹೆಸರು ಕೊಟ್ಟು ಎಂಟರ್ ಒತ್ತಿದರೆ ಆ ಊರಿನ ಸಾಲುಗಳೆಲ್ಲ ಬಂದು ನಿಲ್ಲುತ್ತವೆ, ಕಣ್ಣು ಮಿಟುಕಿಸುವುದರೊಳಗೆ.

ಒಮ್ಮೆ ಮಳವಳ್ಳಿ ಕಡೆಯ ನೆಂಟರು ಲಗ್ನಪತ್ರಿಕೆ ಕೊಟ್ಟು ಹೋದರು. ಅವರ ಎದುರಿಗೆ ಕೇಳುವಂತಿರಲಿಲ್ಲ; ಅವರು ಗೇಟು ದಾಟುತ್ತಿದ್ದಂತೆ ಮನೆಯವಳು, ‘ನಮ್ಮ ಹುಡುಗಿ ಮದ್ವೇಲಿ ಎಷ್ಟು ಓದ್ಸಿದ್ರು ನೋಡ್ರೀ’ ಅಂದಳು. ತಂಗಿ ಮಗ ಪಕ್ಕದಲ್ಲೇ ಇದ್ದ. ‘ಬುಡು ಮಾವ, ನಾನ್ ನೋಡ್ತೀನಿ’ ಎಂದು ಕೀಬೋರ್ಡ್ ಎಳೆದುಕೊಂಡು ಸಣ್ಣಕ್ಷರದಲ್ಲಿ ಮಳವಳ್ಳಿ ಎಂದು ಹೊಡೆದ. ಪರದೆಯಲ್ಲಿ ಒಂದು ಸಾಲೂ ಬರಲಿಲ್ಲ. ‘ನೋಡಿದ್ರಾ? ಎಲೆ ತುಂಬ ಬಾಡೂಟ ಉಂಡೋದ್ರು, ಒಂದ್ ರೂಪಾಯಿನೂ ಓದ್ಸಿಲ್ಲ’ ಎಂದು ಇವಳು ಶುರುಮಾಡಿದಳು. ಬೀಗರೂಟದ ಕುರಿಗಳ ಲೆಕ್ಕದವರೆಗೆ ಮಾತು ಹೋಯಿತು. ನಾನು ಬರೆದಿಟ್ಟದ್ದು ದೊಡ್ಡಕ್ಷರದಲ್ಲಿ. ಡಾಸ್‌ಗೆ ದೊಡ್ಡ ಮಳವಳ್ಳಿಯೇ ಬೇರೆ, ಸಣ್ಣ ಮಳವಳ್ಳಿಯೇ ಬೇರೆ. ಹಿಂದೆ ಒಂದು ಓರೆಗೆರೆ ಎಳೆದು ‘ಐ’ ಸೇರಿಸಿದರೆ ಎರಡನ್ನೂ ಒಂದೇ ಎಂದು ತಿಳಿಯುತ್ತದೆ. ಹುಡುಗ ಸೇರಿಸಿದ. ಐನೂರ ಒಂದು ರೂಪಾಯಿ, ಒಂದು ಕುಕ್ಕರ್. ‘ಆ ಕುಕ್ಕರ್ ಅವರ್ದಾ!’ ಅಂದಳು. ಇವತ್ತಿಗೂ ಅನ್ನ ಆಗುತ್ತಿರುವುದು ಅದರಲ್ಲೇ. ಫೈಲಿನ ಹೆಸರಿನಲ್ಲಿ ಮಳವಳ್ಳಿ ಕಳೆದುಕೊಂಡಿದ್ದ ‘ಐ’ ಹೀಗೆ ಕಮಾಂಡಿನಲ್ಲಿ ವಾಪಸು ಬಂತು ಎಂದು ವಿವರಿಸಲು ಹೋದೆ. ಯಾರೂ ಕೇಳಿಸಿಕೊಳ್ಳಲಿಲ್ಲ.

ಡಾಸ್‌ಗೆ ತನ್ನದೇ ಪಂಚಾಂಗವೂ ಉಂಟು. ಅದರ ಪ್ರಕಾರ ಕಾಲ ಆರಂಭವಾದದ್ದು 1980ರ ಜನವರಿ 1ರಂದು, ಮಂಗಳವಾರ. ಯಂತ್ರದೊಳಗಿನ ಬಿಲ್ಲೆಯಂಥ ಬ್ಯಾಟರಿ ಸತ್ತರೆ ಹಳೆಯ ಪಿಸಿಗಳೆಷ್ಟೋ ಸೀದಾ ಆ ದಿನಕ್ಕೆ ಹೋಗಿ ನಿಲ್ಲುತ್ತವೆ. ಅವತ್ತು ಕರ್ನಾಟಕದಲ್ಲಿ ದೇವರಾಜ ಅರಸರು ಇನ್ನೂ ಮುಖ್ಯಮಂತ್ರಿ. ಗುಂಡೂರಾಯರು ಬರಲು ಹನ್ನೊಂದು ದಿನ ಬಾಕಿ. ಬ್ಯಾಟರಿ ಬದಲಿಸದೆ ಬರೆದಿಟ್ಟ ಪತ್ರಗಳೆಲ್ಲ ಅರಸರ ಆಡಳಿತದಲ್ಲಿ ಬರೆದವಾಗುತ್ತವೆ. ಇನ್ನೊಂದು ತುದಿ 2107. ಅಲ್ಲಿಂದ ಮುಂದೆ ತಾರೀಖು ಬರೆಯಲು ಡಾಸ್‌ಗೆ ಜಾಗವಿಲ್ಲ.

ಇದನ್ನೆಲ್ಲ ಕೇಳಿದ ಗೆಳೆಯರು ನನ್ನನ್ನು ಮ್ಯೂಸಿಯಮ್ಮಿಗೆ ಸೇರಿಸಬೇಕು ಎನ್ನುತ್ತಾರೆ. ಅವರನ್ನು ನಾನು ಮದ್ದೂರಿನಿಂದ ಮಳವಳ್ಳಿಗೆ ಹೋಗುವ ರಸ್ತೆಗೆ ಕರೆದುಕೊಂಡು ಹೋಗಬೇಕು. ಕೆ.ಎಂ. ದೊಡ್ಡಿಯ ಸಕ್ಕರೆ ಕಾರ್ಖಾನೆ ನಡೆಯುವ ದಿನಗಳಲ್ಲಿ ಆ ದಾರಿಯಲ್ಲಿ ಕಬ್ಬಿನ ಟ್ರ್ಯಾಕ್ಟರುಗಳ ಹಿಂದೆ ಸಿಕ್ಕಿಕೊಂಡವರಿಗೆ ಲೋಕವನ್ನು ನಿಧಾನವಾಗಿ ನೋಡುವ ಅವಕಾಶವಿರುತ್ತದೆ. ಅಲ್ಲೊಂದು ಖಾಸಗಿ ವೇಬ್ರಿಡ್ಜಿನಲ್ಲಿ ನಾನು ಈ ಕಪ್ಪು ಪರದೆಯನ್ನು ಕಂಡೆ. ತಗಡಿನ ಕೋಣೆ, ಕಿಟಕಿಯಲ್ಲಿ ಅರ್ಧ ಕುಡಿದ ಟೀ ಲೋಟ, ಕೀಬೋರ್ಡಿಗೆ ಪ್ಲಾಸ್ಟಿಕ್ ಹೊದಿಕೆ. ಹೊದಿಕೆಯ ಮೇಲೆ ಅಂಕಿಗಳ ಜಾಗ ಮಾತ್ರ ಸವೆದು ತೂತಾಗಿದೆ. ಟ್ರ್ಯಾಕ್ಟರು ತಟ್ಟೆಯ ಮೇಲೆ ಬಂದು ನಿಂತಿತು. ತೂಕ ತೋರಿಸುವ ಡಬ್ಬಿಯ ಕೆಂಪು ಅಂಕಿಗಳು ಒಂದಷ್ಟು ಹೊತ್ತು ಓಲಾಡಿ ನಿಂತವು. ಅಲ್ಲಿಂದ ಒಂದು ದಪ್ಪ ವೈರು ಕಂಪ್ಯೂಟರಿನ ಬೆನ್ನಿನ ಒಂಬತ್ತು ಪಿನ್ನಿನ ಕಿಂಡಿಗೆ. ಹುಡುಗ ಗಾಡಿ ನಂಬರು ಹೊಡೆದ, ಎಂಟರ್ ಒತ್ತಿದ. ಮೂಲೆಯಲ್ಲಿದ್ದ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರು ಕರ್ರ್ ಕರ್ರ್ ಎಂದು ಅತ್ತಿಂದಿತ್ತ ಓಡಾಡಿ ಚೀಟಿ ಉಗುಳಿತು: ಗ್ರಾಸ್, ಟೇರ್, ನೆಟ್. ಅಂಚಿನ ತೂತುಗಳ ಪಟ್ಟಿಯನ್ನು ಅವನು ನೋಡದೆಯೇ ಹರಿದು ಬಿಸಾಡಿದ. ಕಾರ್ಬನ್ ಹಾಳೆಯ ಕೆಳಗಿನ ಪ್ರತಿ ತನಗೆ, ಮೇಲಿನದು ಗಾಡಿಯವನಿಗೆ. ಇಂಥ ಪ್ರಿಂಟರು ಕಾಗದಕ್ಕೆ ಗುದ್ದಿ ಬರೆಯುವುದರಿಂದ ಒಂದೇ ಏಟಿಗೆ ಎರಡು ಮೂರು ಪ್ರತಿ ಬರುತ್ತದೆ. ಇಂಕು ಚಿಮ್ಮಿಸುವ ನಾಜೂಕಿನ ಪ್ರಿಂಟರಿಗೆ ಆ ಕೆಲಸ ಆಗದು.

‘ಇದು ಯಾವ ಕಾಲದ್ದಪ್ಪ?’ ಎಂದೆ.

‘ಗೊತ್ತಿಲ್ಲ ಕಣಣ್ಣ, ನಾನ್ ಕೆಲ್ಸಕ್ಕೆ ಸೇರ್ದಾಗ್ಲೇ ಇತ್ತು.’

‘ಹೊಸದು ಹಾಕ್ಸಲ್ವಾ?’

‘ಯಾಕಣ್ಣ? ಗಾಡಿ ಬತ್ತದೆ, ತೂಗ್ತೀವಿ, ಖಾಲಿ ಮಾಡ್ಕಂಡ್ ಬತ್ತದೆ, ಮತ್ತೆ ತೂಗ್ತೀವಿ. ಕಳೀತೀವಿ. ಅದ್ರಲ್ಲಿ ಹೊಸದೇನದೆ?’

ಆ ಮಾತಿಗೆ ಉತ್ತರ ಹೊಳೆಯಲಿಲ್ಲ. ತುಂಬಿದ ಗಾಡಿಯಲ್ಲಿ ಖಾಲಿ ಗಾಡಿ ಕಳೆಯುವ ಲೆಕ್ಕ ಎತ್ತಿನ ಗಾಡಿಯ ಕಾಲದಿಂದಲೂ ಅದೇ. ನನ್ನ ಮುಯ್ಯಿ ಫೈಲಿನದೂ ಅದೇ. ಹೊರದೇಶದಲ್ಲೂ ಇಂಥವರಿದ್ದಾರೆ: 2024ರ ಆರಂಭದಲ್ಲಿ ಜರ್ಮನಿಯ ರೈಲ್ವೆ ಸಂಬಂಧದ ಕೆಲಸವೊಂದಕ್ಕೆ ಎಂಎಸ್-ಡಾಸ್ ಬಲ್ಲವರು ಬೇಕೆಂದು ಜಾಹೀರಾತು ಬಂತು. ನನ್ನ ವಯಸ್ಸು ಮೀರಿತ್ತು; ಜರ್ಮನ್ ಭಾಷೆಯ ಸಣ್ಣ ತೊಡಕೂ ಇತ್ತು.

ಮಂಡ್ಯದ ಪೇಟೆ ಬೀದಿಯಲ್ಲಿ ಡಾಸ್ ಪರದೆಯಿಂದ ಹೋದರೂ ಬೆರಳುಗಳಲ್ಲಿ ಉಳಿದಿದೆ. ನಮ್ಮ ಬೆಂಗಳೂರಿನದೇ ಆದ ಟ್ಯಾಲಿ ಹುಟ್ಟಿದ್ದು 1986ರಲ್ಲಿ, ಬೆಳೆದದ್ದು ಡಾಸ್ ಮೇಲೆ. ಈಗ ಅದಕ್ಕೆ ಬಣ್ಣ ಬಂದಿದೆ, ಕಿಟಕಿ ಬಂದಿದೆ. ಆದರೂ ಬೆಲ್ಲದ ಮಂಡಿಯ ಗುಮಾಸ್ತ ಮೌಸ್ ಮುಟ್ಟುವುದಿಲ್ಲ. ಎಫ್ 8 ಮಾರಾಟ, ಎಫ್ 9 ಖರೀದಿ, ಎಫ್ 5 ಪಾವತಿ. ಕಣ್ಣು ಗಿರಾಕಿಯ ಮೇಲೆ, ಮಾತು ಫೋನಿನಲ್ಲಿ, ಬೆರಳು ತನ್ನಷ್ಟಕ್ಕೆ.

ಇನ್ನು ಈ ಸಂಸಾರದ ಕೊರತೆಗಳು. ದೊಡ್ಡ ಕೊರತೆ ಕನ್ನಡ. ಡಾಸ್‌ಗೆ ಗೊತ್ತಿರುವುದು ಒಟ್ಟು 256 ಚಿಹ್ನೆ. ಅದರಲ್ಲಿ ಪೌಂಡಿದೆ, ಯೆನ್ ಇದೆ, ಸ್ಪೇನಿನವರು 2002ರಲ್ಲೇ ಕೈಬಿಟ್ಟ ಪೆಸೆಟಾ ಕೂಡ ಇದೆ, ರೂಪಾಯಿ ಇಲ್ಲ. ನಮ್ಮ ರೂಪಾಯಿಗೆ ಚಿಹ್ನೆ ಬಂದದ್ದೇ 2010ರಲ್ಲಿ, ಅದಕ್ಕೆ ಡಾಸನ್ನು ದೂರಿ ಫಲವಿಲ್ಲ. ಕನ್ನಡ ಮೂಡಿಸಲು ಆಗ ಜಿಸ್ಟ್ ಕಾರ್ಡ್ ಎಂಬುದನ್ನು ಯಂತ್ರದೊಳಗೆ ಕೂರಿಸಬೇಕಿತ್ತು. ಕಾನ್ಪುರದ ಐಐಟಿಯಲ್ಲಿ ಮೊಳೆತು ಪುಣೆಯ ಸಿ-ಡ್ಯಾಕ್‌ನಲ್ಲಿ ಬೆಳೆದದ್ದು ಅದು. ನನ್ನಲ್ಲಿ ಅದಿಲ್ಲ. ಆದ್ದರಿಂದ ನನ್ನ ಫೈಲುಗಳಲ್ಲಿ ದೊಡ್ಡತಾಯಮ್ಮನೂ ಚಿಕ್ಕಬೋರಣ್ಣನೂ ಇಂಗ್ಲಿಷ್ ಅಕ್ಷರ ತೊಟ್ಟು ಓಡಾಡುತ್ತಾರೆ, ಮತ್ತು ಈ ಪ್ರಬಂಧವನ್ನು ಬಿಳಿ ಹಾಳೆಯ ಮೇಲೆ ಪೆನ್ನಿನಲ್ಲಿ ಬರೆಯುತ್ತಿದ್ದೇನೆ.

ವೈಫೈ ಹಿಡಿಯುವುದಿಲ್ಲ. ಈಗಿನ ಬಹಳಷ್ಟು ಪ್ರಿಂಟರುಗಳು ಮಾತಾಡಿಸಿದರೆ ತಿರುಗಿ ನೋಡುವುದಿಲ್ಲ. ಫೋನ್‌ಪೇ, ವಾಟ್ಸಾಪ್, ಕರೆಂಟ್ ಬಿಲ್ಲು ಎಲ್ಲಕ್ಕೂ ಜೇಬಿನ ಫೋನೇ ಗತಿ. ಒಂದು ಸಲಕ್ಕೆ ಒಂದೇ ಕೆಲಸ. ಅದೇ ಒಳ್ಳೆಯದೆನ್ನುವ ದೊಡ್ಡವರೂ ಇದ್ದಾರೆ. ಕಾದಂಬರಿಕಾರ ಜಾರ್ಜ್ ಆರ್. ಆರ್. ಮಾರ್ಟಿನ್ ಡಾಸ್ ಯಂತ್ರದಲ್ಲಿ ವರ್ಡ್‌ಸ್ಟಾರ್ 4.0 ಬಳಸಿ ಬರೆಯುವುದಾಗಿ 2014ರಲ್ಲಿ ಟಿವಿಯಲ್ಲೇ ಹೇಳಿದರು. ಅವರ ಸರಣಿಯ ಹಿಂದಿನ ಸಂಪುಟ ಬಂದದ್ದು 2011ರಲ್ಲಿ, ಓದುಗರು ಮುಂದಿನದಕ್ಕೆ ಇನ್ನೂ ಕಾಯುತ್ತಿದ್ದಾರೆ. ಇದನ್ನು ಡಾಸ್‌ನ ಪರವಾಗಿ ಹೇಳಬೇಕೋ ವಿರುದ್ಧವಾಗಿ ಹೇಳಬೇಕೋ ತಿಳಿಯದೆ ಇಲ್ಲಿಗೇ ಬಿಡುತ್ತೇನೆ.

ಆದರೆ ನಮ್ಮೂರಿನ ಕರೆಂಟಿಗೆ ಡಾಸ್‌ನಷ್ಟು ಹೊಂದಿಕೊಂಡದ್ದು ಇನ್ನೊಂದಿಲ್ಲ. ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ 1902ರಲ್ಲೇ ವಿದ್ಯುತ್ತು ಹೋಯಿತು. ಅಷ್ಟು ಹತ್ತಿರವಿರುವ ನಮ್ಮ ಬೀದಿಯಲ್ಲಿ ಬೇಸಿಗೆ ಮಧ್ಯಾಹ್ನ ಅದು ಇದ್ದರೆ ಇತ್ತು. ಡಾಸ್ ತಲೆ ಕೆಡಿಸಿಕೊಳ್ಳುವುದಿಲ್ಲ. ಅದಕ್ಕೆ ಮಲಗಿಸುವ ಶಾಸ್ತ್ರವೇ ಇಲ್ಲ. ಸೇವ್ ಮಾಡಿದ ಮೇಲೆ ಸ್ವಿಚ್ ಆರಿಸಿದರಾಯಿತು. ಕರೆಂಟ್ ಬಂದ ಕೂಡಲೇ ಸ್ವಿಚ್ ಒತ್ತಿದರೆ ಎಲೆಗೆ ಅನ್ನ ಬೀಳುವಷ್ಟರಲ್ಲಿ ‘ಸಿ:\>’ ಸಿದ್ಧ.

ಮೊದಲೆಲ್ಲ ‘ಆ ಕರೀ ಬೋರ್ಡು’ ಎನ್ನುತ್ತಿದ್ದ ಮನೆಯವಳಿಗೆ ಕುಕ್ಕರಿನ ಪ್ರಕರಣದ ನಂತರ ಅದರ ಮೇಲೆ ಸ್ವಲ್ಪ ಗೌರವ ಬಂದಿದೆ. ಮೊನ್ನೆ ಬಂದು, ‘ನನ್ನ ಚೀಟಿ ದುಡ್ಡಿನ ಲೆಕ್ಕಾನೂ ಇದ್ರಲ್ಲಿ ಇಡಬೌದಾ?’ ಎಂದಳು. ಇಡಬಹುದು ಎಂದೆ. ‘ನಿಮ್ಗೆ ಕಾಣ್ದಂಗೆ?’ ಎಂದಳು. ಡಾಸ್‌ನಲ್ಲಿ ಪಾಸ್‌ವರ್ಡ್ ಎಂಬುದಿಲ್ಲ. ಆದರೆ ‘ಅಟ್ರಿಬ್’ ಎಂಬ ಕಮಾಂಡಿಗೆ ಪ್ಲಸ್ ಎಚ್ ಸೇರಿಸಿದರೆ ಫೈಲು ಮರೆಯಾಗುತ್ತದೆ. ‘ಡಿಐಆರ್’ ಎಂದು ಪಟ್ಟಿ ಕೇಳಿದರೂ ತೋರಿಸುವುದಿಲ್ಲ. ಕಲಿಸಿದೆ. ಬಹಳ ಸಂತೋಷಪಟ್ಟಳು. ಈಗ ಮಧ್ಯಾಹ್ನ ನಾನು ಮಲಗಿದ ಮೇಲೆ ಕೀಬೋರ್ಡಿನ ಟಕಟಕ ಕೇಳಿಸುತ್ತದೆ, ಆಮೇಲೆ ಪಟ್ಟಿ ತೆಗೆದು ನೋಡಿ, ಇಲ್ಲವೆಂದು ಖಾತ್ರಿ ಮಾಡಿಕೊಂಡು ಎದ್ದುಹೋಗುತ್ತಾಳೆ. ಡಿಐಆರ್ ಮುಂದೆ ಓರೆಗೆರೆ ಎಳೆದು ‘ಎ’ ಸೇರಿಸಿದರೆ ಮರೆಯಾದದ್ದೆಲ್ಲ ಕಾಣುತ್ತದೆ ಎಂಬ ಪಾಠವನ್ನು ಇನ್ನೂ ಮಾಡಿಲ್ಲ.